ಧೋತ್ರದ ಕೆಳಗ ಪಾಸಾದ ಖುರ್ಚಿ

ಪ್ಲಾಸ್ಟಿಕ್ ಖುರ್ಚಿ ಮುರದು ಯಾರರೆ ಬಿದ್ದರ ಮಂದಿ ಮೊದಲು ನಗ್ತಾರ, ಆಮ್ಯಾಲ ಎಬ್ಬಸ್ತಾರ. ನಾನೂ ಹಂಗ ನಕ್ಕಾಕಿ. ಈಗ ಯಾವ ಮದಿವಿಗೆ ಹೋದರೂ ಕುಂಡ್ರೂಕಿಂತ ಮೊದಲು ಖುರ್ಚಿದ ಹಿಂದಿನ ಕಾಲು ಹೆಬ್ಬಟ್ಟಿಲೆ ಒತ್ತಿ ನೋಡ್ತೀನಿ. ನಮ್ಮ ಮನಿಯವರು "ಏನ ಹುಡಕಾಕತ್ತಿ?" ಅಂತ ಕೇಳ್ತಾರ. "ಏನಿಲ್ಲ" ಅಂತೀನಿ. ಖರೆ ಹೇಳಬೇಕಂದ್ರ ಅವರಿಗೂ ಈ ಕತಿ ಅರ್ಧ ಅಷ್ಟ ಗೊತ್ತು. ಪೂರ್ತಿ ಇವತ್ತ ಬರದು ಹಾಕ್ತೀನಿ, ನಾಚಿಕಿ ಬಂದರ ಬರಲಿ.

ನಾ ಓದಿದ್ದು ಕೆಮಿಸ್ಟ್ರಿ. ಧಾರವಾಡದಾಗ ಎಂ.ಎಸ್ಸಿ. ಮುಗಿಸಿ ಗದಗಿಗೆ ಸೊಸಿಯಾಗಿ ಬಂದೆ. ಒಂದು ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕಿ ಅಂತ ಕೆಲವು ವರ್ಷ ಪಾಠ ಮಾಡಿದೆ. ವರ್ಷಾ ವರ್ಷಾ ಮತ್ತ ತಗೋತಾರೋ ಇಲ್ಲೋ ಅಂತ ಪ್ರಿನ್ಸಿಪಾಲರ ಬಾಗಲಾ ಕಾಯೂದು. ಒಂದು ಸಲ ಹೊಸದಾಗಿ ಬಂದ ಕ್ಲರ್ಕ್ ಒಬ್ಬ "ಮೇಡಂ, ಹೊರಗ ಕುಂಡ್ರಿ, ಕರೀತೀವಿ" ಅಂದ. ಹೊರಗ ಕುಂಡ್ರಾಕ ಏನೂ ಇರಲಿಲ್ಲ. ಎರಡು ತಾಸು ಗ್ವಾಡಿಗೆ ಬೆನ್ನು ಹಚ್ಚಿ ನಿಂತೆ. ನನ್ನ ಸಿಟ್ಟು ಮೂಗಿನ ತುದಿ ಮ್ಯಾಲ ಇರೂದು ನಮ್ಮ ಬಳಗಕ್ಕೆಲ್ಲ ಗೊತ್ತು. ಅವತ್ತ ಕೆಲಸ ಬಿಟ್ಟು ಮನಿಗೆ ಬಂದೆ.

ಮುಂದ ಬೆಟಗೇರಿ ಕಡೆ ಒಂದು ಸಣ್ಣ ಫ್ಯಾಕ್ಟರಿಯೊಳಗ ಕೆಲಸ ಸಿಕ್ಕಿತು. ಅಲ್ಲಿ ಪ್ಲಾಸ್ಟಿಕ್ ಖುರ್ಚಿ ಮಾಡ್ತಿದ್ರು. ಹಳೇ ಬಕೀಟು, ಮುರದ ಖುರ್ಚಿ, ಡಬ್ಬಿ, ಕೊಡ ಎಲ್ಲಾ ಆರಿಸಿ, ಪುಡಿ ಮಾಡಿ, ಅದಕ್ಕ ಹೊಸಾ ಪ್ಲಾಸ್ಟಿಕ್ಕಿನ ಕಾಳು ಕೂಡಿಸಿ, ಕರಗಿಸಿ ಅಚ್ಚಿಗೆ ಹಾಕೂದು. ಮೊದಲನೇ ದಿನ ಸಾವಕಾರ್ರು ನನ್ನ ಕರದು ಅಂದ್ರು, "ಅಕ್ಕಾರ, ನಮ್ಮ ಖುರ್ಚಿ ನೆರಳಿನ್ಯಾಗ ಇದ್ದರ ಭಾಳ ವರ್ಷ ಬರ್ತಾವ್ರಿ. ಬಿಸಲಿಗೆ ಇಟ್ಟರ ಜಲ್ದಿ ಗೋಣು ಚೆಲ್ತಾವ. ಇದಕ್ಕೊಂದು ಏನರೆ ಮಾಡ್ರಿ." ನಮ್ಮ ಕಡೆ ಸಾಲಿ ಕಲಿಸಿದ ಹೆಣ್ಣಮಗಳಿಗೆ ಅಕ್ಕಾರು ಅಂತಾರ. ಕಾಲೇಜು ಬಿಟ್ಟರೂ ಆ ಹೆಸರು ನನ್ನ ಬಿಡಲಿಲ್ಲ. ನನಗೂ ಅದು ಬೇಕಾಗಿತ್ತು.

ಬಿಸಲಿನ್ಯಾಗ ಕಣ್ಣಿಗೆ ಕಾಣದ ಕಿರಣ ಇರ್ತಾವ. ಪ್ಲಾಸ್ಟಿಕ್ಕಿನ ಒಳಗಿನ ಉದ್ದುದ್ದ ಎಳಿ ಅವು ಕಡಕೋತ ಹೋಗ್ತಾವ. ಮೊದಲು ಬಣ್ಣ ಹಾರ್ತೈತಿ, ಆಮ್ಯಾಲ ಮುಟ್ಟಿದರ ಕೈಗೆ ಸುಣ್ಣದಂಥಾ ಧೂಳಾ ಹತ್ತತೈತಿ, ಆಮ್ಯಾಲ ಒಂದು ದಿನ ಲಟ್ ಅಂತ ಮುರೀತೈತಿ. ನಮ್ಮದರಾಗ ಮತ್ತೊಂದು ತ್ರಾಸು ಇತ್ತು. ಹಳೇ ಮಾಲಿನ್ಯಾಗ ಎರಡು ಮೂರು ಜಾತಿ ಪ್ಲಾಸ್ಟಿಕ್ಕು ಇರ್ತಿದ್ವು. ಅವು ಕರಗಿ ಕೂಡಿದಂಗ ಕಾಣ್ತಾವ, ಖರೆ ಒಳಗ ಕೂಡಿರಂಗಿಲ್ಲ. ಬಿಸಲು ಆ ಸಂದಿನ್ಯಾಗ ಹೊಕ್ಕು ಕೆಲಸಾ ಕೆಡಸ್ತೈತಿ. ಇದನ್ನ ತಡಿಯಾಕ ಒಂದು ಪುಡಿ ಬರತೈತಿ. ನಮ್ಮಲ್ಲಿ ಅದಕ್ಕ ಎಲ್ಲಾರೂ ಬಿಸಲಿನ ಮದ್ದು ಅಂತಿದ್ರು. ಭಾಳ ತುಟ್ಟಿ. ಎರಡು ಜಾತಿ ಪ್ಲಾಸ್ಟಿಕ್ಕನ್ನ ಚಲೋತ್ನಂಗ ಬೆಸದು, ಮದ್ದು ಅರ್ಧಕ್ಕ ಇಳಿಸಿ, ಆದರೂ ಖುರ್ಚಿ ಬಿಸಲಿಗೆ ತಾಳೂ ಹಂಗ ಮಾಡಬೇಕು ಅನ್ನೂದು ನನಗ ಬಿದ್ದ ಕೆಲಸ.

ಆರಿಸೂ ಕೆಲಸ ಹೆಣ್ಣಮಕ್ಕಳದು. ಅವರ ಹಿರೇಮನಶಿಗೆ ಎಲ್ಲಾರೂ ದೊಡವ್ವ ಅಂತಿದ್ರು, ನಾನೂ ಹಂಗ ಕರೀತಿದ್ದೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಬೆಟಗೇರ್ಯಾಗ ಒಂದು ಬಾಡಗಿ ಖೋಲಿಯೊಳಗ ಒಬ್ಬಾಕಿನ ಇರತಿದ್ದಳು. ಸಾಲಿ ಮುಖ ನೋಡಿದಾಕಿ ಅಲ್ಲ. ಖರೆ ಆಕಿ ಕೈಯಾಗ ಒಂದು ಚೂರು ಪ್ಲಾಸ್ಟಿಕ್ ಕೊಟ್ಟರ ಜಾತಿ ಹೇಳತಿದ್ದಳು. ಮೊದಲು ಉಗುರಿಲೆ ಗೀರೂದು, ಗೀರು ಬಿದ್ದರ ಒಂದು ಜಾತಿ, ಬೀಳದಿದ್ದರ ಇನ್ನೊಂದು. ಆಮ್ಯಾಲ ಕಲ್ಲಿನ ಮ್ಯಾಲ ಒಗದು ದನಿ ಕೇಳೂದು. ಅದಕ್ಕೂ ಸಂಶೆ ಬಂದರ ತುದಿ ಸುಟ್ಟು ಮೂಸೂದು. "ಇದು ಮೇಣದಬತ್ತಿ ವಾಸನಿ, ಆ ಕಡೆ ಹಾಕ್ರಿ. ಇದು ಕಣ್ಣು ಉರಸ್ತೈತಿ, ಹೊರಗ ಒಗೀರಿ." ಒಂದು ಕೊಡದ ಚೂರು ನಾ ಪುಸ್ತಕ ತಗದು, ನೀರಿನ್ಯಾಗ ಮುಳಿಗಿಸಿ, ತೂಕಾ ಮಾಡಿ ಅರ್ಧ ತಾಸಿಗೆ ಜಾತಿ ಹೇಳಿದೆ. ಆಕಿ ಮೊದಲ ಹೇಳಿ ಕುಂತಿದ್ದಳು. ಉಳಿದ ಹೆಣ್ಣಮಕ್ಕಳು ಬಾಯಿಗೆ ಸೆರಗು ಹಿಡಕೊಂಡು ನಕ್ಕರು. ನಾನೂ ನಕ್ಕೆ, ಮ್ಯಾಲಿನ ಹಲ್ಲಿಲೆ. ಒಳಗ ಚುರ್ ಅಂದಿತ್ತು.

ಆಕಿಗೆ ಆ ಕೈಯ ಸಂಪತ್ತು. "ಈ ಕೈ ಒಮ್ಮೆರ ತಪ್ಪಿದ್ದು ತೋರಸ್ರಿ, ಅವತ್ತ ಬಿಟ್ಟು ಹೋಗ್ತೀನಿ" ಅಂತ ಸಾವಕಾರ್ರ ಮುಂದ ಸೈತ ಎದಿ ಸೆಟಿಸಿ ಹೇಳತಿದ್ದಳು. ಯಾರೂ ತೋರಿಸಿದ್ದಿಲ್ಲ.

ನಾ ಹೊಸಾ ಬೆಸಿಗಿದು ಪಟ್ಟಿ ಮಾಡಿಸಿದೆ, ಗೇಣುದ್ದ, ಎರಡು ಬೆರಳು ಅಗಲ, ಕೆಂಪು ಬಣ್ಣದ್ದು. ಒಂದಕ್ಕ ಪೂರ್ತಿ ಮದ್ದು, ಒಂದಕ್ಕ ಅರ್ಧ, ಒಂದಕ್ಕ ಏನೂ ಇಲ್ಲ. ಇವನ್ನ ಬ್ಯಾಸಗಿ ಪೂರಾ ಬಿಸಲಿಗೆ ಇಟ್ಟು, ಕಡೀಕ ಇಳಿಸಿ ಬಗ್ಗಿಸಿ, ತೂಕಾ ಕಟ್ಟಿ ಜಗ್ಗಿ ನೋಡೂದು. ದೊಡ್ಡ ಊರಾಗ ಇದಕ್ಕ ದೀಪದ ಮಷಿನ್ ಇರ್ತಾವ, ನಮಗೆಲ್ಲಿ? ನಮಗ ಇದ್ದದ್ದು ಸೂರ್ಯ. ಫ್ಯಾಕ್ಟರಿ ಮ್ಯಾಲ ತಗಡು, ಹತ್ತಾಕ ಬರೂಹಂಗಿಲ್ಲ. ಅದಕ್ಕ ಪಟ್ಟಿಗಳನ್ನ ಒಂದು ಹಲಗಿಗೆ ಬಿಗದು ನಮ್ಮ ಮನಿ ಮಾಳಿಗಿ ಮ್ಯಾಲ ತೆಂಕಣಕ್ಕ ಮುಖಾ ಮಾಡಿ ಇಟ್ಟೆ. ಶಿವರಾತ್ರಿ ಆಗಿ ಎರಡು ದಿನಾ ಆಗಿತ್ತು.

ಅತ್ತಿಯವರು ಮಾಳಿಗಿ ಮ್ಯಾಲ ಶಾವಗಿ ಒಣಗಿ ಹಾಕಾಕ ಬಂದಿದ್ರು. "ಏನವಾ ಇದು?" ಅಂತ ಕೇಳಿದ್ರು. ಎರಡು ಮಾತಿನ್ಯಾಗ ಹೇಳಬಹುದಿತ್ತು. ಬಿಸಲು ಬೀಳಬೇಕು, ನೆರಳು ಬೀಳಬಾರದು, ಇಷ್ಟ. ನನಗ ಹೊತ್ತಾಗಿತ್ತು, ಸಿಟ್ಟೂ ಬಂದಿತ್ತು. "ಆಫೀಸಿಂದೈತ್ರಿ, ನಿಮಗ ತಿಳಿಯಂಗಿಲ್ಲ ಬಿಡ್ರಿ. ಮುಟ್ಟಬ್ಯಾಡ್ರಿ ಅಷ್ಟ, ಅದು ಕೆಟ್ಟರ ನನ್ನ ಕೆಲಸಾ ಹೋಗ್ತೈತಿ" ಅಂದು ಕೆಳಗ ಇಳದೆ. ಆ ಹೆಣ್ಣಮಗಳು "ಆತವಾ" ಅಂದ್ರು.

ಬ್ಯಾಸಗಿ ಹೋತು. ಕಾರಹುಣ್ಣಿವಿ ಹೊತ್ತಿಗೆ ಪಟ್ಟಿ ಇಳಿಸಿ ನೋಡಿದರ, ಅಯ್ಯ ದೇವರ, ಅರ್ಧ ಮದ್ದಿನ ಪಟ್ಟಿ ಹೊಸದರ ಗತೆ ಬಾಗಿತು, ಮುರೀಲಿಲ್ಲ. ಬಣ್ಣಾ ಹಂಗ ಕೆಂಪಗ. ಈಗ ಬರಿಯೂ ಹೊತ್ತಿಗೆ ನನಗ ಮಾರಿ ಮುಚ್ಚಿಕೊಳ್ಳಬೇಕು ಅನಸ್ತೈತಿ. ನಮ್ಮ ಗದಗಿನ ಬಿಸಲಿನ್ಯಾಗ ಹಗ್ಗದ ಮ್ಯಾಲಿನ ಕೆಂಪು ಸೀರಿ ಒಂದು ತಿಂಗಳಿಗೆ ಗುಲಾಬಿ ಆಗತೈತಿ. ಏನೂ ಮದ್ದಿಲ್ಲದ ಪಟ್ಟಿಯ ಬಣ್ಣ ಸೈತ ಒಂಚೂರ ಇಳದಿತ್ತು. ಕೆಮಿಸ್ಟ್ರಿ ಓದಿದ ಯಾವಾಕಿಗಾದರೂ ಹಿಂಗ್ಯಾಕ ಅಂತ ಸಂಶೆ ಬರಬೇಕು. ನನಗೂ ಬಂತು, ಸುಳ್ಳು ಹೇಳಂಗಿಲ್ಲ. ನಾ ಆ ಸಂಶೇನ ಕುಂಡ್ರಿಸಿ ಚಾ ಕೊಡಲಿಲ್ಲ ಅಷ್ಟ, ಹಂಗ ಕಳಿಸಿದೆ. ಎರಡು ಜಾತಿ ಪ್ಲಾಸ್ಟಿಕ್ಕು ನಾ ಅಷ್ಟು ಚಂದ ಬೆಸದೀನಿ, ಅದಕ್ಕ ಹಿಂಗ ಆಗೇತಿ ಅಂತ ನನಗ ನಾನ ಹೇಳಿಕೊಂಡೆ.

ಸಾವಕಾರ್ರು ಎಲ್ಲಾರಿಗೂ ಪೇಢೆ ಹಂಚಿದ್ರು. "ನಮ್ಮ ಅಕ್ಕಾರು ಸೂರ್ಯನ್ನ ಸೋಲಿಸ್ಯಾರ" ಅಂದ್ರು. ತಮ್ಮ ಖೋಲಿಯೊಳಗಿನ ಗಾದಿ ಖುರ್ಚಿ ನನಗ ಬಿಟ್ಟುಕೊಟ್ಟು ತಾವು ಸ್ಟೂಲಿನ ಮ್ಯಾಲ ಕುಂತರು. ಕಾಲೇಜಿನ ಆ ಕ್ಲರ್ಕ್ ಇಲ್ಲಿ ಇರಬೇಕಿತ್ತು ಅನಿಸಿತು ನನಗ. ಮರುವಾರದಿಂದ ಅರ್ಧ ಮದ್ದಿನ ಖುರ್ಚಿ ತಯಾರಾಗಾಕ ಹತ್ತಿದ್ವು. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ ಎಲ್ಲಾ ಕಡೆ ಟೆಂಪೋ ತುಂಬಿಕೊಂಡು ಹೋದ್ವು.

ದೀಪಾವಳಿ ಮುಗಿದ ಮ್ಯಾಲ ದೊಡವ್ವ ನನ್ನ ಹಂತ್ಯಾಕ ಬಂದಳು. ಮೊದಲ ಸಲ ತಯಾರಾದ ಖುರ್ಚಿಯೊಂದು ಗೇಟಿನ ಹತ್ರ ವಾಚಮನ್ನಗ ಕೊಟ್ಟಿದ್ರು, ಅದು ದಿನಾ ಬಿಸಲಿಗೆ ಇರತಿತ್ತು. "ಅಕ್ಕಾರ, ಆ ಖುರ್ಚಿ ಬಡದು ನೋಡ್ರಿ. ದನಿ ಬ್ಯಾರೆ ಆಗೇತಿ. ಒಣಗಿದ ಸೋರಿಬುರಡಿ ಗತೆ ಬರಾಕತ್ತೈತಿ" ಅಂದಳು. ನಾಕು ಮಂದಿ ಮುಂದ ಅಂದಳು. ಅದ ನನಗ ಚುಚ್ಚಿತು.

"ದೊಡವ್ವಾ, ನೀ ಏನು ಡಾಕ್ಟರ್ ಏನಬೇ, ಎದಿ ಬಡದು ನೋಡಾಕ? ನಿನ್ನ ಕೆಲಸಾ ಆರಿಸೂದು, ಆರಿಸು. ಖುರ್ಚಿ ನಾ ನೋಡಿಕೋತೀನಿ" ಅಂದೆ. ಆಕಿ ಹೊಳ್ಳಿ ಹೊಂಟಳು. ಹೋಗೂವಾಗ ಒಂದು ಮಾತು ಅಂದಳು, "ನೋಡಿಕೋರಿ ಮತ್ತ. ಮಂದಿ ಕುಂಡ್ರತಾರ ಅದರ ಮ್ಯಾಲ." ನಾ ಖುರ್ಚಿ ಬಡದು ನೋಡಲಿಲ್ಲ.

ಮುಂದಿನ ಬ್ಯಾಸಗಿಗೆ ನೀಲಿ ಬಣ್ಣದ ಪಟ್ಟಿ ಮಾಡಿಸಿ ಮತ್ತ ಮಾಳಿಗಿಗೆ ಇಟ್ಟಿದ್ದೆ. ಒಂದು ದಿನ ಕರೆಂಟ್ ಹೋಗಿ ಫ್ಯಾಕ್ಟರಿ ಬಂದ್ ಆತು. ನಡು ಮಧ್ಯಾಹ್ನ ಮನಿಗೆ ಬಂದು, ಒಣಗಿದ ಅರಬಿ ತರಾಕ ಮ್ಯಾಲ ಹತ್ತಿದೆ. ಒಂದು ಕಡೆ ಚಾಪಿ ಮ್ಯಾಲ ಶಾವಗಿ, ಅದರ ಮ್ಯಾಲ ಧೂಳಾ ಬೀಳಬಾರದಂತ ತೆಳುವಂದು ಸೀರಿ. ಇನ್ನೊಂದು ಕಡೆ ನನ್ನ ಹಲಗಿ. ಅದರ ಮ್ಯಾಲ ನಮ್ಮ ಮಾವನವರ ಹಳೇ ಧೋತ್ರ, ನಾಕು ಮಡಿಕಿ ಮಾಡಿ, ಗಾಳಿಗೆ ಹಾರಬಾರದಂತ ನಾಕು ಮೂಲಿಗೆ ನಾಕು ಕಲ್ಲು ಇಟ್ಟು, ಅಚ್ಚುಕಟ್ಟಾಗಿ ಹೊಚ್ಚಿತ್ತು.

ಒಂದು ಕಲ್ಲು ಸರಿಸಿ ಧೋತ್ರದ ಮೂಲಿ ಎತ್ತಿ ನೋಡಿದೆ. ಅಲ್ಲೇ ಕುಂತೆ. ಅತ್ತಿಯವರು ಕೋಲು ಹಿಡಕೊಂಡು ಕಾಗಿ ಹೊಡಿಯಾಕ ಬಂದ್ರು. "ಅತ್ತೀ, ಇದನ್ಯಾಕ ಹೊಚ್ಚೀರಿ?" ಅಂದೆ.

"ಅಯ್ಯ, ಸುಡೂ ಬಿಸಲವಾ. ಕೆಟ್ಟರ ನಿನ್ನ ಕೆಲಸಾ ಹೋಗ್ತೈತಿ ಅಂದಿದ್ದಿ ಅಲ್ಲ. ನೀ ಹೋದ ಮ್ಯಾಲ ಹೊಚ್ಚತೀನಿ, ಸಂಜಿಮುಂದ ಶಾವಗಿ ತಗಿಯೂವಾಗ ಅದನ್ನೂ ತಗೀತೀನಿ. ಹೋದ ವರ್ಷನೂ ಒಂದು ದಿನಾ ತಪ್ಪಿಸಿಲ್ಲ. ಕೈ ಹಚ್ಚಿಲ್ಲವಾ, ಮ್ಯಾಲಿಂದ ಹೊಚ್ಚೀನಿ ಅಷ್ಟ."

ನಾ ಒದರಿದೆ. ಏನೇನು ಅಂದೆ ಅನ್ನೂದು ಇಲ್ಲಿ ಬರಿಯಂಗಿಲ್ಲ. ಮನಿ ಹಾಳ ಮಾಡಿದ್ರಿ ಅನ್ನೂತನಕ ಹೋದೆ. ಅವರು ಕೋಲು ಹಿಡಕೊಂಡು ನಿಂತಲ್ಲೇ ನಿಂತರು. ನನಗ ಎರಡು ಮಾತಿನ್ಯಾಗ ಹೇಳಾಕ ಬ್ಯಾಸರ ಆಗಿದ್ದಕ್ಕ ಆದದ್ದು ಅದು, ಆ ಹಿರೇಮನಶಿ ಏನು ಮಾಡಿದ್ರು? ಸೊಸಿ ಕೆಲಸಾ ಉಳೀಲಿ ಅಂತ ಎಪ್ಪತ್ತರ ವಯಸ್ಸಿನ್ಯಾಗ ದಿನಾ ಮೆಟ್ಟಲಾ ಹತ್ತಿ ಇಳದಿದ್ರು.

ಮರುದಿನ ಸಾವಕಾರ್ರಿಗೆ ಹೇಳಬೇಕಿತ್ತು. ನನ್ನ ಪರೀಕ್ಷಾ ಸುಳ್ಳು, ಬಿಸಲ ಬಿದ್ದಿಲ್ಲ, ಹೋದ ಮಾಲೆಲ್ಲಾ ವಾಪಸ್ ತರಸ್ರಿ ಅಂತ. ಬಾಯಿ ತನಕ ಬಂತು. ಅವರು ಯಾರೋ ಬೀಗರಿಗೆ "ಇವರ ನೋಡ್ರಿ ನಮ್ಮ ಅಕ್ಕಾರು" ಅಂತ ನನ್ನ ತೋರಸ್ತಿದ್ರು. ನುಂಗಿದೆ. ಮದ್ದು ಮತ್ತ ಪೂರ್ತಿ ಹಾಕಾಕ ಹೇಳಿದೆ. ಯಾಕಂತ ಕೇಳಿದ್ದಕ್ಕ "ಹೊಸಾ ಬಣ್ಣಕ್ಕ ಹೆಚ್ಚು ಬೇಕಾಗತೈತ್ರಿ" ಅಂದೆ. ಮೊದಲ ಹೋದ ಖುರ್ಚಿ ಎಲ್ಲೋ ನೆರಳಿನ್ಯಾಗ ಇರಲಿ ದೇವರ ಅಂತ ಬೇಡಿಕೊಂಡೆ. ಧೈರ್ಯ ಇಲ್ಲದವರು ದೇವರಿಗೆ ಇಂಥಾ ಕೆಲಸಾನ ಹಚ್ಚತಾರ.

ಅದ ಬ್ಯಾಸಗಿಯೊಳಗ, ಮದಿವಿ ಸುಗ್ಗಿಯಾಗ, ಲಕ್ಷ್ಮೇಶ್ವರದ ಶಾಮಿಯಾನದವ ಒಬ್ಬ ಟೆಂಪೋ ತುಂಬ ಮುರದ ಖುರ್ಚಿ ತಂದು ನಮ್ಮ ಅಂಗಳದಾಗ ಸುರುವಿದ. ಬಾಡಗಿಗೆ ಕೊಡೂ ಖುರ್ಚಿ, ತಂದಾಗಿಂದ ಮಾಳಿಗಿ ಮ್ಯಾಲ ಬಿಸಲಿಗೆ ಒಟ್ಟಿಟ್ಟಿದ್ದ. ಅಕ್ಷತಿ ಹಾಕೂ ಹೊತ್ತಿಗೆ ಮದುಮಗನ ಅಜ್ಜ ಕುಂತ ಖುರ್ಚಿ ಕಾಲು ಮುರದು, ಆ ಹಿರ್ಯಾ ಬಿದ್ದು ಮೊಣಕೈ ಎಲವು ಮುರಕೊಂಡಿದ್ದ. "ಮಂದ್ಯಾಗ ನನ್ನ ಮಾನಾ ಹೋತ್ರಿ! ಖುರ್ಚಿ ಮಾಡ್ತೀರೋ ಹಪ್ಪಳಾ ಮಾಡ್ತೀರೋ?" ಅಂತ ಶಾಮಿಯಾನದವ ಒದರಾಡಿದ. ಒಂದು ಕಾಲು ತಗೊಂಡು ಮೊಣಕಾಲಿಗೆ ಬಡದ, ಲಟ್ ಅಂತು. ಅವನ ಕೈಗೆ ಕೆಂಪು ಧೂಳಾ ಹತ್ತಿತ್ತು.

ಫ್ಯಾಕ್ಟರಿ ಮಂದಿಯೆಲ್ಲಾ ಹೊರಗ ಬಂದು ನಿಂತಿದ್ರು. ಸಾವಕಾರ್ರು ನನ್ನ ಕಡೆ ನೋಡಿದ್ರು. "ಏನ್ರಿ ಅಕ್ಕಾರ ಇದು?"

ನಾ ಅಂದದ್ದು ಒಂದ ಮಾತು. "ಸ್ಕ್ರ್ಯಾಪಿನ್ಯಾಗ ಬ್ಯಾರೆ ಜಾತಿ ಮಾಲು ಕೂಡಿರಬೇಕು ಕಾಣ್ತೈತ್ರಿ."

ದೊಡವ್ವನ ಹೆಸರು ನಾ ಹೇಳಲಿಲ್ಲ. ಇದನ್ನ ನಾ ಎಷ್ಟೋ ದಿನಾ ನನ್ನ ಮನಸ್ಸಿಗೆ ಹೇಳಿ ಸಮಾಧಾನ ಮಾಡಿಕೊಂಡೀನಿ, ಹೆಸರು ಹೇಳಿಲ್ಲ, ಹೆಸರು ಹೇಳಿಲ್ಲ ಅಂತ. ಹೇಳೂ ಜರೂರಿ ಎಲ್ಲಿತ್ತು? ಎಲ್ಲಾರ ಗೋಣೂ ಒಮ್ಮೆಲೆ ಆಕಿ ಕಡೆ ಹೊರಳಿದ್ವು. ಸಾವಕಾರ್ರು "ಮುದುಕಿಗೆ ಕಣ್ಣು ಮಂಜಾಗ್ಯಾವ, ನಾ ಮೊದಲ ಬಿಡಸಬೇಕಿತ್ತು" ಅಂದ್ರು. ದೊಡವ್ವ ಮುಂದ ಬಂದಳು. ಸಾವಕಾರ್ರ ಹತ್ರ ಹೋಗಲಿಲ್ಲ, ನನ್ನ ಹತ್ರ ಬಂದಳು. ಎರಡೂ ಅಂಗೈ ಬಿಚ್ಚಿ ತೋರಿಸಿದಳು.

"ಈ ಕೈ ಹಂಗ ಮಾಡಂಗಿಲ್ರಿ ಅಕ್ಕಾರ. ನಿಮಗ ಗೊತ್ತೈತಿ. ನೀವರೆ ಹೇಳ್ರಿ."

ನಾ ಮೊಬೈಲ್ ತಗದು ನೋಡಾಕ ಹತ್ತಿದೆ. ಅದರಾಗ ಏನೂ ಇರಲಿಲ್ಲ. ಆಕಿ ಎಷ್ಟೋ ಹೊತ್ತು ನನ್ನ ಮುಂದ ಹಂಗ ನಿಂತಳು. ಥೂ ನನ್ನ ಜನ್ಮಕ್ಕ. ಮರುದಿನದಿಂದ ಆಕಿ ಬರಬ್ಯಾಡ ಅಂದ್ರು, ಬರಲಿಲ್ಲ.

ಇಷ್ಟಕ್ಕ ಮುಗಿದಿದ್ದರ ನಾ ಮರತು ಬಿಡತಿದ್ದೆ ಏನೋ. ಹಂಗ ಇದ್ದಾಕಿ ನಾ. ಖರೆ ಆರಿಸೂ ಹೆಣ್ಣಮಕ್ಕಳೊಳಗ ಒಂದು ಮಾತು ಹುಟ್ಟಿತು. ಯಾವಾಕಿ ತಪ್ಪು ರಾಶಿಗೆ ಚೂರು ಹಾಕಿದರೂ ಉಳಿದವರು "ದೊಡವ್ವನ ಕೈ ಬಂತಲ್ಲೇ ನಿನಗ!" ಅಂತ ನಗತಿದ್ರು. ಹೊಸದಾಗಿ ಬಂದವರು, ಆಕಿ ಮುಖಾ ನೋಡದವರು ಸೈತ ಹಂಗ ಅನ್ನಾಕ ಹತ್ತಿದ್ರು. ಯಾರ ಕೈ ಎಂದೂ ತಪ್ಪಿದ್ದಿಲ್ಲೋ ಆಕಿ ಹೆಸರು ತಪ್ಪಿಗೇ ಬಿತ್ತು. ದಿನಾ ಅದನ್ನ ಕೇಳಿಕೋತ ನಾ ಅವರ ನಡುವ ಹಾದು ಹೋಗತಿದ್ದೆ. ಒಂದು ದಿನ ಅವರ ಸಂಗತೀಲೆ ನಾನೂ ನಕ್ಕೆ. ನಗಲಿಲ್ಲಂದ್ರ ಯಾಕ ಅಂತ ಯಾರರೆ ಕೇಳ್ಯಾರು ಅಂತ ಹೆದರಿ ನಕ್ಕೆ.

ಅವತ್ತ ಮನಿಗೆ ಬಂದು ಊಟಾ ಹೋಗಲಿಲ್ಲ. ಅತ್ತಿಯವರು ಎದುರಿಗೆ ಕುಂತು "ಏನಾತು?" ಅಂದ್ರು. ಮಾಳಿಗಿ ಮ್ಯಾಲ ಒದರಿದಾಗಿಂದ ನಾವು ಇಬ್ಬರೂ ಉಪ್ಪು, ಹಾಲು ಇಷ್ಟಕ್ಕ ಅಷ್ಟ ಮಾತಾಡತಿದ್ವಿ. ಅವತ್ತ ಎಲ್ಲಾ ಹೇಳಿದೆ, ದೊಡವ್ವಂದು, ಅಂಗೈದು, ಮೊಬೈಲಿಂದು. ಅವರು ಕೇಳಿ ನನ್ನ ತಾಟು ಬಾಜೂಕ ಸರಿಸಿದ್ರು.

"ಧೋತ್ರ ಹೊಚ್ಚಿದಾಕಿ ನಾ. ಹೇಳದ ಹೋದಾಕಿ ನೀ. ನಡುವ ಆಕಿ ಯಾಕ ಮನ್ಯಾಗ ಕುಂಡ್ರಬೇಕವಾ?" ಅಂದ್ರು. "ಹೋಗಿ ಹೇಳಿ ಬಾ. ನಿನಗ ಆಗದಿದ್ದರ ಆಕಿ ಮನಿ ಎಲ್ಲೈತಿ ಹೇಳು, ನಾ ಹೋಗ್ತೀನಿ." ಅವರು ಹೋಗೂವರ. ಗಂಟಲು ಒಣಗಿಸಿಕೊಂಡು, ಬಸ್ಸಿನ್ಯಾಗ ನಿಂತುಕೊಂಡಾದರೂ ಹೋಗೂವರ. ಅದಕ್ಕ ನಾ ಹೊಂಟೆ.

ಎಳ್ಳ ಅಮಾಸಿ ಮುಂದಿನ ಒಂದು ರವಿವಾರ. ದೊಡವ್ವ ಖೋಲಿ ಬಿಟ್ಟು ಶಿರಹಟ್ಟಿಗೆ ತಂಗಿ ಮನಿಗೆ ಹೋಗ್ಯಾಳ ಅಂತ ಆಕಿ ಓಣ್ಯಾಗ ಹೇಳಿದ್ರು. ಶಿರಹಟ್ಟಿ ಬಸ್ಸು ಹತ್ತಿದೆ. ದಾರಿತುಂಬ ಏನು ಹೇಳಬೇಕು ಅನ್ನೂದನ್ನ ಪಾಠದ ಗತೆ ಜೋಡಿಸಿಕೊಂಡೆ. ಅದರಾಗ ಬಿಸಲು, ಪಟ್ಟಿ, ಪರಿಸ್ಥಿತಿ, ಒತ್ತಡ ಎಲ್ಲಾ ಇದ್ವು. ಮಠದ ಹಿಂದಿನ ಓಣ್ಯಾಗ ಕೇಳಿಕೋತ ಹೋಗಿ ಮನಿ ಹುಡಕಿದೆ.

ಅಕ್ಕ ತಂಗಿ ಇಬ್ಬರೂ ಕಟ್ಟಿ ಮ್ಯಾಲ ಕುಂತಿದ್ರು. ದೊಡವ್ವ ಮೊರದಾಗ ಜ್ವಾಳಾ ಹಸನ ಮಾಡಾಕತ್ತಿದ್ದಳು. ನನ್ನ ನೋಡಿ ಗಡಬಡಿಸಿ ಎದ್ದಳು. "ಅಯ್ಯ, ಅಕ್ಕಾರು! ಬರ್ರಿ, ಬರ್ರಿ, ಕುಂಡ್ರಿ. ಲೇ, ನೀರು ತಾ" ಅಂತ ತಂಗಿಗೆ ಹೇಳಿದಳು. ಬೈತಾಳ ಅಂತ ತಯಾರಾಗಿ ಹೋಗಿದ್ದೆ, ಬೈಲಿಲ್ಲ. ತಂಗಿ ನೀರು ಕೊಟ್ಟು, ದೊಡವ್ವ ಹಸನ ಮಾಡಿದ ಜ್ವಾಳದ ಮೊರಾ ತನ್ನ ಕಡೆ ಎಳಕೊಂಡು ಮತ್ತೊಮ್ಮೆ ಹಳ್ಳು ಆರಿಸಾಕ ಹತ್ತಿದಳು.

"ಆಗಲೇ ಆಗೇತಲ್ಲ ಅದು?" ಅಂದೆ ನಾ, ಏನರೆ ಮಾತಾಡಬೇಕಂತ.

"ಮತ್ತೊಮ್ಮೆ ನೋಡು ಅಂತ ನಾನ ಹೇಳೀನ್ರಿ" ಅಂದಳು ದೊಡವ್ವ. "ನನ್ನ ಕೈಮ್ಯಾಲ ನನಗ ನಂಬಿಗಿ ಹೋಗೇತಿ. ಮೊದಲು ನಿಮ್ಮ ಮ್ಯಾಲ ಸಿಟ್ಟು ಬಂದಿತ್ರಿ, ಸುಳ್ಳ್ಯಾಕ ಹೇಳಲಿ. ಆಮ್ಯಾಲ ಕುಂತು ವಿಚಾರ ಮಾಡಿದೆ. ಅಕ್ಕಾರು ಓದಿದವರು, ಗೊತ್ತಿಲ್ಲದ ಹಂಗ ಅನ್ನಂಗಿಲ್ಲ. ತಪ್ಪಿರಬೇಕು. ವಯಸ್ಸಾತಲ್ರಿ. ಆ ಹಿರ್ಯಾನ ಕೈ ಮುರೀತಂತ, ನನ್ನಿಂದ ಆತಲ್ಲ ಅಂತ ದಿನಾ ಅನಸ್ತೈತ್ರಿ. ಈಗ ಹ್ಯಾಂಗದಾರ ಅವರು?"

ಬಸ್ಸಿನ್ಯಾಗ ಜೋಡಿಸಿದ ಮಾತು ಒಂದೂ ಬರಲಿಲ್ಲ. ಅಳು ಬಂತು. ಅಳಕೋತ ಹೇಳಿದೆ. ಧೋತ್ರ ಹೇಳಿದೆ, ಮದ್ದು ಅರ್ಧ ಮಾಡಿದ್ದು ಹೇಳಿದೆ, ಎಲ್ಲಾ ಗೊತ್ತಿದ್ದೂ ಅಂಗಳದಾಗ ಆ ಮಾತು ಅಂದೆ ಅಂತ ಹೇಳಿದೆ. ತಂಗಿ ಕೈ ನಿಂತ್ವು. ದೊಡವ್ವ ಎಲ್ಲಾ ಕೇಳಿದಳು. ಆಕಿ ಮಾರಿ ಕೆಂಪಾತು.

"ಎಂಟು ತಿಂಗಳ್ರಿ" ಅಂದಳು. "ಎಂಟು ತಿಂಗಳಾತು ನಾ ನನ್ನ ಕೈಗೆ ಬೈಯಾಕ ಹತ್ತಿ. ರೊಟ್ಟಿ ಹೆಚ್ಚು ಸುಟ್ಟರ ಕೈಗೆ ಬೈದೆ. ಲೋಟ ಜಾರಿದರ ಕೈಗೆ ಬೈದೆ. ನಿಮಗ ಗೊತ್ತಿತ್ತು!"

ನಾ ಆಕಿ ಕಾಲು ಮುಟ್ಟಾಕ ಹೋದೆ. ಕಾಲು ಹಿಂದಕ್ಕ ತಗೊಂಡಳು. "ಅದು ಬ್ಯಾಡ. ಇಲ್ಲಿ ನನ್ನ ಮುಂದ ಅತ್ತರ ಏನು ಬಂತು? ನೀವು ಹಗುರಾಗಿ ಮನಿಗೆ ಹೋಗ್ತೀರಿ. ಅಂದದ್ದು ಎಲ್ಲಿ ಅಂದ್ರೋ ಅಲ್ಲೇ ಬಂದು ಹೇಳ್ರಿ, ಆ ಹೆಣ್ಣಮಕ್ಕಳ ಮುಂದ. ನಾಳೆ ಬರ್ತೀನಿ ನಾ." ಚಾ ಮಾಡಲಿಲ್ಲ. ಬಾಗಲಾ ತನಕ ಕಳಸಾಕ ಬರಲಿಲ್ಲ.

ಮರುದಿನ ಮುಂಜಾನೆ ಮೊದಲು ಸಾವಕಾರ್ರ ಖೋಲಿಗೆ ಹೋಗಿ ಎಲ್ಲಾ ಹೇಳಿದೆ. ಅವರು ಸಿಟ್ಟಿಗೆದ್ದರು, ಟೇಬಲ್ ಗುದ್ದಿದರು, ಆಮ್ಯಾಲ ತಂಪಾದರು. "ಆದದ್ದಾತು, ಇನ್ನ ಮುಂದ ಬರೋಬ್ಬರಿ ಮಾಡ್ರಿ. ನಿಮ್ಮನ್ನ ಬಿಟ್ಟರ ಈ ಬೆಸಿಗಿ ಕೆಲಸಾ ಯಾರು ಮಾಡ್ತಾರ?" ಅಂದ್ರು. ತಪ್ಪಿಲ್ಲದಿದ್ದರೂ ಆಕಿ ಕೆಲಸಾ ಒಂದ ಮಧ್ಯಾಹ್ನಕ್ಕ ಹೋತು, ನನ್ನ ಕೆಲಸಾ ತಪ್ಪು ಒಪ್ಪಿಕೊಂಡರೂ ಹೋಗಲಿಲ್ಲ.

ದೊಡವ್ವ ಬಂದಳು. ಒಳ್ಳೇ ಸೀರಿ ಉಟ್ಟು, ತಂಗೀನ ಕರಕೊಂಡು ಬಂದಿದ್ದಳು. ಆರಿಸೂ ಶೆಡ್ಡಿನ ನಡುವ ನಿಂತಳು. ಹೆಣ್ಣಮಕ್ಕಳು ರಾಶಿ ಬಿಟ್ಟು ತಲಿ ಎತ್ತಿ ನೋಡಿದರು. ಬಾಜೂಕ ಪುಡಿ ಮಾಡೂ ಮಷಿನ್ ಗಡಗಡ ನಡದಿತ್ತು. ನಾ ಹೇಳಿದೆ. ಖುರ್ಚಿ ಮುರದದ್ದು ನನ್ನ ತಪ್ಪಿಲೆ, ನನ್ನ ಪರೀಕ್ಷಾ ಕೆಟ್ಟಿತ್ತು, ನನಗ ಗೊತ್ತಿದ್ದೂ ಸುಮ್ನ ಇದ್ದೆ ಅಂತ. ಮುಂದ ಕುಂತ ಇಬ್ಬರು ಮೂವರು ಬಾಯಿ ತಗದರು. ಹಿಂದ ಕುಂತವರು ಒಬ್ಬರ ಮಾರಿ ಒಬ್ಬರು ನೋಡಿದರು, ಏನಂದ್ರು ಅಂತ. ಮುಗೀತು ಅಂತ ನಾ ಉಸುರು ಬಿಟ್ಟೆ.

"ಮಷಿನ್ ಬಂದ್ ಮಾಡ್ರಿ" ಅಂದಳು ದೊಡವ್ವ.

ಯಾರೋ ಬಂದ್ ಮಾಡಿದರು. ಶೆಡ್ಡಿನ್ಯಾಗ ಒಮ್ಮೆಲೆ ಸದ್ದಿಲ್ಲದಂಗ ಆತು. ಮಷಿನ್ ನಡದೈತಿ, ಹಿಂದಿನವರಿಗೆ ಕೇಳಂಗಿಲ್ಲ ಅನ್ನೂದು ನನಗ ಗೊತ್ತಿತ್ತು. ಆಕಿಗೂ ಗೊತ್ತಾಗಿತ್ತು.

"ಈಗ ಹೇಳ್ರಿ."

ಮತ್ತ ಹೇಳಿದೆ. ಈ ಸಲ ನನ್ನ ದನಿ ತಗಡಿಗೆ ಬಡದು ನನಗ ಕೇಳಸಾಕ ಹತ್ತಿತು. ಒಬ್ಬಾಕಿ ಅಯ್ಯಯ್ಯ ಅಂದಳು. ಇನ್ನೊಬ್ಬಾಕಿ, ದಿನಾ ಎಲ್ಲಾರಿಗಿಂತ ಜೋರಾಗಿ ಆ ಮಾತು ಆಡಿ ನಗತಿದ್ದಾಕಿ, ನೆಲಾ ನೋಡಿದಳು.

"ನಿಮ್ಮ ತಪ್ಪು ಹೇಳಿದ್ರಿ" ಅಂದಳು ದೊಡವ್ವ. "ನನ್ನ ಕೈದು ಹೇಳಲಿಲ್ಲ."

ಖರೆ. ಎರಡು ಸಲ ಹೇಳಿದ್ದೆ, ಎರಡೂ ಸಲ ನನ್ನದ ಹೇಳಿಕೊಂಡಿದ್ದೆ. ನನ್ನ ತಪ್ಪು, ನನ್ನ ಪರೀಕ್ಷಾ, ನನ್ನ ಸುಮ್ಮನಿರೂದು. ಅದರಾಗ ಸೈತ ಆಕಿಗೆ ಜಾಗಾ ಇರಲಿಲ್ಲ.

"ದೊಡವ್ವನ ಕೈ ತಪ್ಪಿರಲಿಲ್ಲ" ಅಂದೆ. "ಎಂದೂ ತಪ್ಪಿಲ್ಲ. ಖುರ್ಚಿ ಕೆಟ್ಟಾವ ಅಂತ ಮೊದಲ ಹೇಳಿದಾಕಿ ಆಕಿನ. ನಾ ಬೈದು ಕಳಿಸಿದೆ."

ಆಕಿ ನನ್ನ ಕಡೆ ನೋಡಲಿಲ್ಲ. ಮುಂದಿನ ಸಾಲಿನಿಂದ ಹಿಂದಿನ ಮೂಲಿ ತನಕ ಆ ಹೆಣ್ಣಮಕ್ಕಳ ಮಾರಿ ಒಂದೊಂದಾಗಿ ನೋಡಿಕೋತ ಹೋದಳು, ಕೇಳಿಸ್ತೋ ಇಲ್ಲೋ ಅಂತ.